ಎಲ್‌ಒಎಸ್, ಪಿಂಗ್, ಡಿಎನ್‌ಎಸ್... ಇವನ್ನೆಲ್ಲ ಯಾರಾದ್ರೂ ಬಿಡಿಸಿ ಹೇಳ್ತೀರಾ?

ಕೇಳಿದವರು: ಶಿರಸಿ ಹತ್ತಿರದ ಹಳ್ಳಿಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿಯಿಂದ ಸ್ವಲ್ಪ ಒಳಗೆ, ತೋಟದ ಪಕ್ಕದ ಮನೆ. ಈ ವರ್ಷ ಫೈಬರ್ ನೆಟ್ ಹಾಕಿಸಿದೆವು. ಮಗಳು ಬೆಂಗಳೂರಿನ ಕಂಪನಿ ಕೆಲಸವನ್ನು ಇಲ್ಲಿಂದಲೇ ಮಾಡುತ್ತಾಳೆ. ನನಗೆ ಅಡಿಕೆ ಧಾರಣೆ ನೋಡಲು ಸಿಕ್ಕರೆ ಸಾಕು. ಮಳೆ ಹಿಡಿದ ಮೇಲೆ ನೆಟ್ ಆಗಾಗ ಹೋಗುತ್ತಿದೆ. ದೂರು ಕೊಡಲು ಫೋನ್ ಮಾಡಿದರೆ ಆ ಕಡೆಯ ಹುಡುಗ ಒಂದೇ ಉಸಿರಿಗೆ ಕೇಳುತ್ತಾನೆ: "ಎಲ್‌ಒಎಸ್ ಕೆಂಪಾ? ಪಿಒಎನ್ ಬ್ಲಿಂಕ್ ಆಗ್ತಿದ್ಯಾ? ರೀಬೂಟ್ ಮಾಡಿದ್ರಾ? ಡಿಎನ್‌ಎಸ್ ಚೇಂಜ್ ಮಾಡಿ ನೋಡಿ." ನಾನು ಹೂಂ ಹೂಂ ಅಂದು ಫೋನ್ ಇಡುತ್ತೇನೆ. ಮಗಳು ಹೇಳಿಕೊಡಲು ಕೂತರೆ ಸ್ವಲ್ಪ ಹೊತ್ತಿಗೇ ಇಬ್ಬರಿಗೂ ಸಿಟ್ಟು ಬರುತ್ತದೆ. ನಿಮ್ಮ ಮನೆಯಲ್ಲೂ ಇದೇ ಕಥೆಯಾಗಿದ್ದರೆ ಯಾವುದಕ್ಕೆ ಏನರ್ಥ, ನಿಮಗೆ ಯಾವುದು ಉಪಯೋಗಕ್ಕೆ ಬಂತು, ತಿಳಿಸಿ. ಎಂಬಿಪಿಎಸ್, ಐಪಿ, ಸರ್ವರ್ ಇವೂ ಇರಲಿ.

ಕುಮಟಾದಿಂದ, ಫೈಬರ್ ಜೋಡಿಸುವ ಕೆಲಸದವರು

ಅಣ್ಣಾ, ನಾನು ಮಾಡುವುದು ಇದೇ ಕೆಲಸ. ಆ ಹುಡುಗ ಕೇಳುವುದರಲ್ಲಿ ಮೊದಲಿನ ಎರಡು ಪ್ರಶ್ನೆಯೇ ಮುಖ್ಯ. ಉಳಿದದ್ದು ಅವನ ಎದುರಿಗಿರುವ ಪಟ್ಟಿಯಲ್ಲಿ ಇರುತ್ತದೆ, ಅದಕ್ಕೆ ಕೇಳುತ್ತಾನೆ.

ಫೈಬರ್ ಅಂದರೆ ತೀರಾ ತೆಳುವಾದ ಗಾಜಿನ ಎಳೆ. ಅದರಲ್ಲಿ ಹೋಗುವುದು ಕರೆಂಟಲ್ಲ, ಕಣ್ಣಿಗೆ ಕಾಣದ ಬೆಳಕು. ಗೋಡೆಗೆ ಹಾಕಿದ ಡಬ್ಬಿ ಇದೆಯಲ್ಲ, ಅದು ಒಎನ್‌ಟಿ. ಕೆಲವರು ಒಎನ್‌ಯು ಅನ್ನುತ್ತಾರೆ, ನಿಮ್ಮ ಮಟ್ಟಿಗೆ ಎರಡೂ ಒಂದೇ. ಬಂದ ಬೆಳಕನ್ನು ಕರೆಂಟಿನ ಸಿಗ್ನಲ್ ಮಾಡುವುದು ಅದರ ಕೆಲಸ. ರೂಟರ್ ಅಂದರೆ ಆ ಒಂದು ಸಂಪರ್ಕವನ್ನು ಮನೆಯ ಎಲ್ಲ ಫೋನು, ಟಿವಿ, ಲ್ಯಾಪ್‌ಟಾಪಿಗೆ ಹಂಚುವ ಯಂತ್ರ. ಈಗ ಒಎನ್‌ಟಿ, ರೂಟರ್, ವೈಫೈ ಮೂರೂ ಒಂದೇ ಡಬ್ಬಿಯಲ್ಲಿ ಬರುವುದು ಜಾಸ್ತಿ.

ಎಲ್‌ಒಎಸ್ ಅಂದರೆ ಲಾಸ್ ಆಫ್ ಸಿಗ್ನಲ್. ಆ ದೀಪ ಕೆಂಪಾದರೆ ಬೆಳಕು ಡಬ್ಬಿಯ ತನಕ ಬರುತ್ತಿಲ್ಲ. ಲೈನ್ ತುಂಡಾಗಿದೆ, ಇಲ್ಲವೇ ಎಲ್ಲೋ ಜೋರಾಗಿ ಬಾಗಿದೆ. ಆಗ ಮನೆಯಲ್ಲಿ ನೀವು ಏನು ಮಾಡಿದರೂ ಆಗುವುದಿಲ್ಲ, ನಮ್ಮನ್ನು ಕರೆಯಲೇಬೇಕು. ಪಿಒಎನ್ ಹಸಿರು ದೀಪ. ಲೈನಿನ ಆಚೆ ತುದಿಯಲ್ಲಿರುವ ಕಂಪನಿಯ ಯಂತ್ರ ನಿಮ್ಮ ಡಬ್ಬಿಯನ್ನು ಗುರುತು ಹಿಡಿದು ಒಪ್ಪಿಕೊಂಡಿದೆ ಅನ್ನುವುದಕ್ಕೆ ಅದು ಒಂದೇ ಸಮ ಉರಿಯಬೇಕು. ಬ್ಲಿಂಕ್ ಆಗುತ್ತಲೇ ಇದ್ದರೆ ಇನ್ನೂ ಒಪ್ಪಿಕೊಂಡಿಲ್ಲ.

ಇನ್ನೊಂದು, ಡಿಬಿಎಂ. ನಾವು ಮೀಟರ್ ಹಿಡಿದು "ಮೈನಸ್ ಇಪ್ಪತ್ತೊಂದು ಇದೆ" ಅನ್ನುತ್ತೇವಲ್ಲ, ಅದು ಬೆಳಕಿನ ಬಲದ ಅಳತೆ. ಮೈನಸ್ ಆದ್ದರಿಂದ ಅಂಕಿ ಹೆಚ್ಚಾದಷ್ಟು ಬೆಳಕು ಕಡಿಮೆ. 3 ಇಳಿಯಿತು ಅಂದರೆ ಬೆಳಕು ಅರ್ಧ ಆಯಿತು ಅಂತ ಲೆಕ್ಕ. ಮೈನಸ್ 20ರ ಆಸುಪಾಸು ಇದ್ದರೆ ಚಿಂತೆಯಿಲ್ಲ. 27 ದಾಟಿತೋ, ಡಬ್ಬಿ ಕೈಚೆಲ್ಲುತ್ತದೆ. ಬೇಸಿಗೆಯಲ್ಲಿ ಹೇಗೋ 25, 26ರಲ್ಲಿ ನಡೆದುಕೊಂಡು ಹೋಗುವ ಲೈನೇ ಮಳೆಗಾಲದಲ್ಲಿ ಸತಾಯಿಸುವುದು. ಜಾಯಿಂಟ್ ಡಬ್ಬಿಗೆ ನೀರು ಹೋದರೆ, ಗಾಳಿಗೆ ಕೇಬಲ್ ಜಗ್ಗಿದರೆ ಅಷ್ಟೇ ಸಾಕು. ಮುಂದಿನ ಸಲ ಲೈನ್‌ಮನ್ ಬಂದಾಗ "ಪವರ್ ಎಷ್ಟು ಬರ್ತಿದೆ?" ಅಂತ ಕೇಳಿ, ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಇದನ್ನು ಕೇಳುವವರು ಕಡಿಮೆ. ಕೇಳಿದವರ ಮನೆಯಲ್ಲಿ ನಾವೂ ಸ್ವಲ್ಪ ಎಚ್ಚರದಿಂದ ಕೆಲಸ ಮಾಡುತ್ತೇವೆ, ಸುಳ್ಳು ಯಾಕೆ ಹೇಳಲಿ.

ತೋಟದ ಮನೆಗಳಲ್ಲಿ ಕೇಬಲನ್ನು ಅಡಿಕೆ ಮರದಿಂದ ಮರಕ್ಕೆ ಕಟ್ಟಿಸುತ್ತಾರೆ. ಸೋಗೆ ಬೀಳುತ್ತದೆ, ಮಂಗ ಜೋತಾಡುತ್ತದೆ, ಅಳಿಲು ಕಡಿಯುತ್ತದೆ, ಅಡಿಕೆ ಕೊನೆ ಇಳಿಸುವ ಹಗ್ಗ ಸಿಕ್ಕಿಕೊಳ್ಳುತ್ತದೆ. ಹೊರಗಿನ ಕಪ್ಪು ಸಿಪ್ಪೆ ಸರಿಯಾಗೇ ಕಾಣುತ್ತದೆ, ಒಳಗೆ ಗಾಜು ಮುರಿದಿರುತ್ತದೆ. ಸಾಧ್ಯವಾದರೆ ದಾರಿ ಬದಿಯ ಕಂಬದ ಮೇಲೇ ತರಿಸಿ. ಉಳಿದ ಕೇಬಲನ್ನು ಮೊಳೆಗೆ ಬಿಗಿಯಾಗಿ ಸುತ್ತಬೇಡಿ, ಊಟದ ತಟ್ಟೆಯಷ್ಟು ಅಗಲದ ಸುರುಳಿ ಇರಲಿ.

ಸಿದ್ದಾಪುರದಿಂದ

ಮೇಲಿನವರು ಹೇಳಿದ್ದಕ್ಕೆ ಸಣ್ಣ ತಿದ್ದುಪಡಿ. ಎಲ್‌ಒಎಸ್ ಕೆಂಪಾದರೆ ಲೈನ್ ತುಂಡಾಗಿದೆ ಅಂತಲೇ ಅಲ್ಲ. ಆಚೆ ತುದಿಯಲ್ಲಿ ಕರೆಂಟ್ ಹೋಗಿ, ಅಲ್ಲಿನ ಬ್ಯಾಟರಿಯೂ ಮುಗಿದರೆ ಬೆಳಕು ಕಳಿಸುವ ಯಂತ್ರವೇ ನಿಲ್ಲುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಇದೇ ಜಾಸ್ತಿ. ಪಕ್ಕದ ಮನೆಯಲ್ಲಿ ಕೇಳಿ. ಅವರದ್ದೂ ಕೆಂಪಾಗಿದ್ದರೆ ಲೈನ್‌ಮನ್ ನಿಮ್ಮ ಅಂಗಳಕ್ಕೆ ಬಂದು ಮಾಡುವುದು ಏನೂ ಇಲ್ಲ.

ಕಾರವಾರದಿಂದ, ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುವವರು

ರೀಬೂಟ್ ಬೇರೆ, ರೀಸೆಟ್ ಬೇರೆ. ಇದೊಂದು ತಿಳಿದಿರಲಿ. ರೀಬೂಟ್ ಅಂದರೆ ಸ್ವಿಚ್ ಆರಿಸಿ, ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕುವುದು. ಏನೂ ಅಳಿಸಿ ಹೋಗುವುದಿಲ್ಲ, ಎಷ್ಟು ಸಲ ಬೇಕಾದರೂ ಮಾಡಿ. ರೀಸೆಟ್ ಅಂದರೆ ಡಬ್ಬಿಯ ಹಿಂದಿರುವ ಸಣ್ಣ ತೂತಿಗೆ ಪಿನ್ ತೂರಿಸಿ ಒತ್ತಿ ಹಿಡಿಯುವುದು. ಹಾಗೆ ಮಾಡಿದರೆ ಎಲ್ಲ ಸೆಟ್ಟಿಂಗ್ ಅಳಿಸಿ, ಡಬ್ಬಿ ಫ್ಯಾಕ್ಟರಿಯಿಂದ ಬಂದ ಸ್ಥಿತಿಗೆ ಹೋಗುತ್ತದೆ. ವೈಫೈ ಹೆಸರು ಹೋಯಿತು, ಪಾಸ್‌ವರ್ಡ್ ಹೋಯಿತು. ನಿಮ್ಮ ಸಂಪರ್ಕದಲ್ಲಿ ಪಿಪಿಪಿಒಇ ಇದ್ದರೆ ಅದರ ಯೂಸರ್‌ನೇಮ್, ಪಾಸ್‌ವರ್ಡೂ ಹೋಯಿತು. ಈ ಚಂದಾದಾರರು ಇಂಥವರು ಅಂತ ಡಬ್ಬಿ ಕಂಪನಿಗೆ ತೋರಿಸಿಕೊಳ್ಳುವ ಕ್ರಮವೇ ಪಿಪಿಪಿಒಇ. ಅದಿಲ್ಲದೆ ಪಿಒಎನ್ ದೀಪ ಹಸಿರಿದ್ದರೂ ನೆಟ್ ಬರುವುದಿಲ್ಲ. ಅಜ್ಜನ ಮನೆಗೆ ಬಂದ ಮೊಮ್ಮಕ್ಕಳು ಈ ತೂತನ್ನು ಹೇಗೋ ಪತ್ತೆ ಮಾಡುತ್ತಾರೆ!

ಕೇಳಿದವರು

ದೊಡ್ಡ ಉಪಕಾರ. ಈಗಷ್ಟೇ ಹೋಗಿ ನೋಡಿದೆ. ಎಲ್‌ಒಎಸ್ ಉರಿಯುತ್ತಿಲ್ಲ, ಪಿಒಎನ್ ಹಸಿರು. ಜಗಲಿಯಲ್ಲಿ ನೆಟ್ ಚೆನ್ನಾಗಿದೆ. ಆದರೆ ಮೆತ್ತಿನ (ಮಹಡಿಯ) ಮೇಲೆ ಮಗಳ ಕೋಣೆಯಲ್ಲಿ ವೈಫೈ ಕಡ್ಡಿ ಒಂದೇ ತೋರಿಸುತ್ತದೆ. ಮೀಟಿಂಗ್ ಮಧ್ಯೆ ಮುಖ ನಿಂತುಹೋಗುತ್ತದಂತೆ.

ಕಾರವಾರದಿಂದ

ಹಾಗಾದರೆ ಲೈನ್ ಸರಿ ಇದೆ, ತೊಂದರೆ ಮನೆಯೊಳಗಿನದು. ವೈಫೈ ಅಂದರೆ ನೆಟ್ ಅಲ್ಲ. ಫೋನಿಗೂ ಡಬ್ಬಿಗೂ ನಡುವಿನ ರೇಡಿಯೊ ಸಂಪರ್ಕ, ಅಷ್ಟೇ. ಕಡ್ಡಿ ಪೂರ್ತಿ ಇದ್ದೂ ನೆಟ್ ಇಲ್ಲದಿರಬಹುದು. ನೆಟ್ ಇದ್ದೂ ನಿಮ್ಮ ಹಾಗೆ ಕಡ್ಡಿ ಇಲ್ಲದಿರಬಹುದು.

ಫೋನಿನಲ್ಲಿ ಎರಡು ವೈಫೈ ಹೆಸರು ಕಾಣುತ್ತಿರಬೇಕು, ಒಂದರ ಕೊನೆಯಲ್ಲಿ 5ಜಿ ಅಂತ. ಅದು ಮೊಬೈಲಿನ 5ಜಿ ಅಲ್ಲ, 5 ಗಿಗಾಹರ್ಟ್ಸ್. ವೇಗ ಜಾಸ್ತಿ, ಗೋಡೆ ದಾಟುವ ಶಕ್ತಿ ಕಡಿಮೆ. ಇನ್ನೊಂದು 2.4 ಗಿಗಾಹರ್ಟ್ಸ್. ಅದು ದೂರ ಹೋಗುತ್ತದೆ, ಆದರೆ ನಿಧಾನ. ನಮ್ಮ ಕಡೆಯ ಚಿರೆಕಲ್ಲಿನ ದಪ್ಪ ಗೋಡೆಗೆ 5 ಗಿಗಾಹರ್ಟ್ಸ್ ಸೋಲುತ್ತದೆ. ಮಳೆಯಲ್ಲಿ ಗೋಡೆ ನೀರು ಕುಡಿದ ಮೇಲಂತೂ ಕೇಳುವುದೇ ಬೇಡ. ನೀರು ಈ ಅಲೆಗಳನ್ನು ಹೀರುತ್ತದೆ.

ಅಂಗಡಿಯಲ್ಲಿ ರಿಪೀಟರ್ ಕೊಡುತ್ತಾರೆ. ವೈಫೈ ಹಿಡಿದು ಮತ್ತೆ ಬಿಡುವ ಡಬ್ಬಿ ಅದು. ಕೇಳುವುದಕ್ಕೂ ಹೇಳುವುದಕ್ಕೂ ಒಂದೇ ರೇಡಿಯೊ ಬಳಸುವ ಅಗ್ಗದ್ದಾದರೆ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನನ್ನ ಕೇಳಿದರೆ ಅದು ಬೇಡ. ಜಗಲಿಯಿಂದ ಮೆತ್ತಿಗೆ ಒಂದು ಲ್ಯಾನ್ ಕೇಬಲ್ (ಡಬ್ಬಿಯ ಹಿಂದೆ ಚುಚ್ಚುವ ನೆಟ್ಟಿನ ತಂತಿ) ಎಳೆಸಿ, ಮೇಲೆ ಒಂದು ಆಕ್ಸೆಸ್ ಪಾಯಿಂಟ್ ಇಡಿ. ತಂತಿಯಲ್ಲಿ ಬಂದ ನೆಟ್ಟನ್ನು ವೈಫೈ ಮಾಡಿ ಬಿಡುವುದು ಅದರ ಕೆಲಸ. ಕ್ಯಾಟ್ 6 ಅನ್ನುವ ದರ್ಜೆಯ ಲ್ಯಾನ್ ಕೇಬಲ್ 100 ಮೀಟರ್ ತನಕ ನಡೆಯುತ್ತದೆ. ಅದರೊಳಗೆ 8 ತಂತಿ. ಒಂದೆರಡು ಸರಿಯಾಗಿ ಕೂರದಿದ್ದರೆ 1000 ಎಂಬಿಪಿಎಸ್ ಬದಲು 100ಕ್ಕೆ ಇಳಿಯುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಹಳೇ ರೂಟರನ್ನೇ ಮೇಲೆ ಇಡುವುದಾದರೆ ಅದರ ಡಿಎಚ್‌ಸಿಪಿ ಆಫ್ ಮಾಡಿ. ಮನೆಯ ಪ್ರತಿ ಸಾಧನಕ್ಕೆ ತಾನಾಗಿ ನಂಬರ್ ಹಂಚುವುದೇ ಡಿಎಚ್‌ಸಿಪಿ. ಇಬ್ಬರು ಹಂಚಲು ಕೂತರೆ ಜಗಳ.

ಹೊನ್ನಾವರದವರು, ಈಗ ಮನೆಯಿಂದಲೇ ಕೆಲಸ

ಎಂಬಿಪಿಎಸ್ ಬಗ್ಗೆ ಯಾರೂ ಹೇಳಲಿಲ್ಲ. ಅದು ಸೆಕೆಂಡಿಗೆ ಎಷ್ಟು ಮೆಗಾಬಿಟ್ ಅಂತ. ಫೈಲಿನ ಗಾತ್ರ ತೋರಿಸುವ ಎಂಬಿ ಮಾತ್ರ ಮೆಗಾಬೈಟ್. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 40 ಎಂಬಿಪಿಎಸ್ ಪ್ಲಾನಿನಲ್ಲಿ ಸೆಕೆಂಡಿಗೆ ಬರುವುದು 5 ಎಂಬಿ. 700 ಎಂಬಿ ಸಿನಿಮಾಕ್ಕೆ 140 ಸೆಕೆಂಡ್ ಬೇಕು. "40 ಅಂದ್ರು, 5 ಬರ್ತಿದೆ, ಮೋಸ" ಅಂತ ಜಗಳಕ್ಕೆ ಹೋಗಬೇಡಿ.

ಪಿಂಗ್ ಅಂದರೆ ಸಣ್ಣದೊಂದು ಸಂದೇಶ ಹೋಗಿ ಉತ್ತರ ತರಲು ಹಿಡಿಯುವ ಸಮಯ. ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಹೇಳುತ್ತಾರೆ, ಅದು ಮಿಲಿಸೆಕೆಂಡ್. ಗುಡ್ಡದ ಅಬ್ಬಿಯಿಂದ ಮನೆಗೆ ಪೈಪ್ ಹಾಕಿದ್ದೀರಿ ಅಂದುಕೊಳ್ಳಿ. ಪೈಪಿನ ದಪ್ಪ ಎಂಬಿಪಿಎಸ್. ಮೇಲೆ ನೀರು ಬಿಟ್ಟ ಮೇಲೆ ಇಲ್ಲಿ ಮೊದಲ ಹನಿ ಬೀಳುವ ತನಕದ ಹೊತ್ತು ಪಿಂಗ್. ದಪ್ಪ ಪೈಪ್ ಹಾಕಿದ ಮಾತ್ರಕ್ಕೆ ಅಬ್ಬಿ ಹತ್ತಿರ ಬರುವುದಿಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಶಿರಸಿಯಿಂದ ಬೆಂಗಳೂರು ಸುಮಾರು 400 ಕಿಲೋಮೀಟರ್, ಹೋಗಿ ಬರಲು 4 ಮಿಲಿಸೆಕೆಂಡ್ ಸಾಕು. ಸುತ್ತು ದಾರಿ, ನಡುವಿನ ಯಂತ್ರಗಳೆಲ್ಲ ಸೇರಿ 20, 30 ಬಂದರೆ ಒಳ್ಳೆಯದೇ. ಅಮೆರಿಕದ ಸರ್ವರ್ ಆದರೆ 200 ದಾಟಿದರೂ ಸಹಜ.

ಮಗಳ ಮೀಟಿಂಗಿಗೆ ಅಪ್‌ಲೋಡ್ ನೋಡಿ. ಡೌನ್‌ಲೋಡ್ ಅಂದರೆ ನಮ್ಮ ಕಡೆ ಬರುವುದು, ಅಪ್‌ಲೋಡ್ ಅಂದರೆ ನಾವು ಕಳಿಸುವುದು. ಅವಳ ಮುಖ, ಮಾತು ಆಚೆ ಹೋಗುವುದು ಅಪ್‌ಲೋಡಿನಲ್ಲಿ. ಹಳೇ ತಾಮ್ರದ ಲೈನಿನ ಬ್ರಾಡ್‌ಬ್ಯಾಂಡಿನಲ್ಲಿ ಅದೇ ತೀರಾ ಕಡಿಮೆ ಇರುತ್ತಿತ್ತು. ಸ್ಪೀಡ್ ಟೆಸ್ಟ್ ಮಾಡುವಾಗ ಡಬ್ಬಿಯ ಪಕ್ಕ ಒಂದು ಸಲ, ಮೆತ್ತಿನ ಮೇಲೆ ಒಂದು ಸಲ ಮಾಡಿ. ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ಗೋಡೆ ತಿಂದದ್ದು.

ಯಲ್ಲಾಪುರದಿಂದ

ಐಪಿ ಬಗ್ಗೆ ನಾನು ಹೇಳುತ್ತೇನೆ ಭಾವಾ. ಅಡಿಕೆ ಒಣಗಿಸುವ ಅಂಗಳಕ್ಕೆ ಸಿಸಿ ಕ್ಯಾಮೆರಾ ಹಾಕಿಸಿದಾಗ ಇದನ್ನು ಕಲಿಯಲೇಬೇಕಾಯಿತು. ನೆಟ್ಟಿಗೆ ಸೇರಿದ ಪ್ರತಿ ಸಾಧನಕ್ಕೂ ಒಂದು ನಂಬರ್ ಇರುತ್ತದೆ, ಅದೇ ಐಪಿ ಅಡ್ರೆಸ್. ಮನೆಯೊಳಗೆ ಹೆಚ್ಚಾಗಿ 192.168 ಅಂತ ಶುರುವಾಗುವ ನಂಬರ್. ಇದೇ ನಂಬರ್ ಊರೆಲ್ಲರ ಮನೆಯಲ್ಲೂ ಇರುತ್ತದೆ, ಹೊರಗೆ ನಡೆಯುವುದಿಲ್ಲ. ಹೊರಗಿನವರಿಗೆ ಕಾಣುವುದು ಪಬ್ಲಿಕ್ ಐಪಿ. ಹಳೆಯ ಐಪಿವಿ4 ಪದ್ಧತಿಯಲ್ಲಿ ಇರುವುದೇ ಸುಮಾರು 429 ಕೋಟಿ ನಂಬರ್. ಜಗತ್ತಿನ ದಾಸ್ತಾನು 2011ರಲ್ಲೇ ಹಂಚಿ ಮುಗಿಯಿತು. ಅದಕ್ಕೇ ಕಂಪನಿಗಳು ಒಂದು ಪಬ್ಲಿಕ್ ಐಪಿಯನ್ನು ತುಂಬಾ ಮನೆಗಳಿಗೆ ಸೇರಿಸಿ ಕೊಡುತ್ತವೆ. ಇದು ಸಿಜಿನ್ಯಾಟ್. ವಾಟ್ಸಾಪ್, ಸಿನಿಮಾಕ್ಕೆ ಏನೂ ತೊಂದರೆಯಿಲ್ಲ. ಆದರೆ ನಾವು ಹುಬ್ಬಳ್ಳಿಯಲ್ಲಿ ಕೂತು ಮನೆಯ ಕ್ಯಾಮೆರಾವನ್ನು ನೇರ ತೆರೆಯಲು ಹೋದರೆ ಬಾಗಿಲು ಯಾವ ಮನೆಯದು ಅಂತಲೇ ಗೊತ್ತಾಗುವುದಿಲ್ಲ. ರೂಟರಿನ ಸೆಟ್ಟಿಂಗ್ ಪುಟದಲ್ಲಿ ವ್ಯಾನ್ ಐಪಿ, ಅಂದರೆ ಕಂಪನಿ ನಿಮ್ಮ ರೂಟರಿಗೆ ಕೊಟ್ಟ ನಂಬರ್, ನೋಡಿ. 100.64ರಿಂದ 100.127ರ ಒಳಗಿದ್ದರೆ ಸಿಜಿನ್ಯಾಟ್. ಆಗ ಕ್ಯಾಮೆರಾ ಕಂಪನಿಯ ಆ್ಯಪ್ ಮೂಲಕ ನೋಡುವ ವ್ಯವಸ್ಥೆ ಬಳಸಿ, ಇಲ್ಲವೇ ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ (ನಿಮಗೊಬ್ಬರಿಗೇ ಇರುವ, ಬದಲಾಗದ ಪಬ್ಲಿಕ್ ನಂಬರ್) ತಗೊಳ್ಳಿ. ಕ್ಯಾಮೆರಾದ ಜೊತೆ ಬಂದ ಪಾಸ್‌ವರ್ಡನ್ನು ಮಾತ್ರ ಮೊದಲ ದಿನವೇ ಬದಲಿಸಿ.

ಡಿಎನ್‌ಎಸ್ ಅಂದರೆ ನಾವು ಟೈಪ್ ಮಾಡುವ ಸೈಟಿನ ಹೆಸರಿಗೆ ಐಪಿ ನಂಬರ್ ಹುಡುಕಿಕೊಡುವ ವ್ಯವಸ್ಥೆ. 1983ರಿಂದ ಇದೆ. ಅದು ಕೆಟ್ಟರೆ ಲೈನ್ ಚೆನ್ನಾಗಿದ್ದೂ ಸೈಟ್ ತೆರೆಯುವುದಿಲ್ಲ. ಆಗ ಡಿಎನ್‌ಎಸ್ ಜಾಗದಲ್ಲಿ 8.8.8.8 (ಗೂಗಲಿನದು) ಅಥವಾ 1.1.1.1 (ಕ್ಲೌಡ್‌ಫ್ಲೇರ್ ಕಂಪನಿಯದು) ಹಾಕಿಕೊಂಡರೆ ಸರಿಯಾಗುತ್ತದೆ.

ಹೊನ್ನಾವರದವರು

ಡಿಎನ್‌ಎಸ್ ಬದಲಿಸುವುದು ಸರ್ವರೋಗಕ್ಕೆ ಮದ್ದಲ್ಲ ಮಾರಾಯ್ರೇ. ಮೊದಲು 8.8.8.8ಕ್ಕೆ ಪಿಂಗ್ ಮಾಡಿ, ಅಂದರೆ ಆ ಸಣ್ಣ ಸಂದೇಶ ಕಳಿಸಿ ನೋಡಿ. ಅದು ಹೋಗಿ, ಸೈಟಿನ ಹೆಸರಿಗೆ ಮಾತ್ರ ಹೋಗದಿದ್ದರೆ ಡಿಎನ್‌ಎಸ್. ಎರಡೂ ಹೋಗದಿದ್ದರೆ ಸುಮ್ನೆ ಅದನ್ನು ಮುಟ್ಟಬೇಡಿ. ಎಲ್‌ಒಎಸ್ ಕೆಂಪಿದ್ದಾಗ ಡಿಎನ್‌ಎಸ್ ಚೇಂಜ್ ಮಾಡಿ ಅನ್ನುವವರಿಗೆ ಏನು ಹೇಳೋಣ!

ಅಂಕೋಲಾದಿಂದ, ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಅಂಗಡಿ

ನನ್ನ ಅಂಗಡಿಯಲ್ಲಿ ದಿನಾ ಕೇಳುವ ಮಾತು "ಅಕ್ಕಾ, ಸರ್ವರ್ ಡೌನಾ?" ಸರ್ವರ್ ಅಂದರೆ ಬೇರೆಲ್ಲೋ ಇದ್ದು, ನಾವು ಕೇಳಿದ್ದಕ್ಕೆ ಉತ್ತರ ಕೊಡುವ ಕಂಪ್ಯೂಟರ್. ಪಹಣಿ ತೆಗೆಯುವಾಗ, ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಸಾವಿರಾರು ಜನ ಒಟ್ಟಿಗೇ ಕೇಳಿದರೆ ಅದಕ್ಕೆ ತಡೆಯುವುದಿಲ್ಲ. ನೆಟ್ ಹೋದದ್ದಕ್ಕೂ ಜನ ಸರ್ವರ್ ಅನ್ನುತ್ತಾರೆ, ಪ್ರಿಂಟರ್ ಕೆಟ್ಟರೂ ಸರ್ವರ್ ಅನ್ನುತ್ತಾರೆ. ನಾನು ಮಾಡುವುದು ಇಷ್ಟೇ. ಆ ಸೈಟನ್ನು ಮೊಬೈಲ್ ಡೇಟಾದಲ್ಲೂ ತೆರೆದು ನೋಡುತ್ತೇನೆ. ಎರಡರಲ್ಲೂ ಬರದೆ, ಬೇರೆ ಸೈಟ್ ಬಂದರೆ ಸರ್ವರಿನದೇ ತೊಂದರೆ. ಸಂಜೆ ಬನ್ನಿ ಅನ್ನುತ್ತೇನೆ. ಮೊಬೈಲಿನಲ್ಲಿ ಬಂದು ಅಂಗಡಿಯಲ್ಲಿ ಬರದಿದ್ದರೆ ನನ್ನದೇ ಕಡೆಯದು. ಕೆಲವೊಮ್ಮೆ ಬ್ರೌಸರಿನ ಕ್ಯಾಶ್ ತೆಗೆದರೆ ಸಾಕು. ಮೊದಲು ನೋಡಿದ ಪುಟವನ್ನು ಬೇಗ ತೋರಿಸಲು ಬ್ರೌಸರ್ ಇಟ್ಟುಕೊಂಡ ಪ್ರತಿ ಅದು. ಹಳತಾದರೆ ತಪ್ಪು ತೋರಿಸುತ್ತದೆ.

ಕೇಳಿದವರು

ಇನ್ನೊಂದೇ ಪ್ರಶ್ನೆ. ಮೆತ್ತಿಗೆ ಲ್ಯಾನ್ ಕೇಬಲ್ ಎಳೆಸುವಾಗ ಕೊಟ್ಟಿಗೆಗೂ ಒಂದು ಎಳೆಸಿ ಕ್ಯಾಮೆರಾ ಹಾಕೋಣ ಅಂತ. ಸಿಡಿಲಿಗೆ ಏನಾದರೂ ಆಗುತ್ತದಾ?

ಸಿದ್ದಾಪುರದಿಂದ

ಆಗುತ್ತದೆ. ಲ್ಯಾನ್ ಕೇಬಲ್ ತಾಮ್ರ. ಎರಡು ಕಟ್ಟಡದ ನಡುವೆ ಬಯಲಿನಲ್ಲಿ ಎಳೆದರೆ ಹತ್ತಿರ ಸಿಡಿಲು ಬಡಿದಾಗ ಎರಡೂ ತುದಿಯ ಡಬ್ಬಿ ಸುಡಬಹುದು. ಕೊಟ್ಟಿಗೆಗೆ ಫೈಬರನ್ನೇ ಎಳೆಸಿ, ಎರಡು ತುದಿಗೆ ಮೀಡಿಯಾ ಕನ್ವರ್ಟರ್ ಹಾಕಿಸಿ. ಬೆಳಕನ್ನು ಲ್ಯಾನ್ ಸಿಗ್ನಲ್ ಮಾಡಿಕೊಡುವ ಸಣ್ಣ ಡಬ್ಬಿ ಅದು. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಹೊರಗೆ ಎಳೆಯುವ ಫೈಬರ್ ಕೇಬಲಿನಲ್ಲಿ ಬಲಕ್ಕೆ ಅಂತ ಹೆಚ್ಚಾಗಿ ಒಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಗೋಡೆಯ ಹೊರಗೇ ಕತ್ತರಿಸಿ ಕೊಕ್ಕೆಗೆ ಕಟ್ಟಲು ಹೇಳಿ, ಡಬ್ಬಿಯ ತನಕ ತರುವುದು ಬೇಡ. ಗುಡುಗು ಶುರುವಾಗುವ ಮೊದಲೇ ಅಡಾಪ್ಟರನ್ನು ಸಾಕೆಟ್ಟಿನಿಂದಲೇ ಕೀಳಿ, ಸ್ವಿಚ್ ಆರಿಸಿದರೆ ಸಾಲದು. ಮಿನಿ ಯುಪಿಎಸ್ (ಕರೆಂಟ್ ಹೋದಾಗ ಡಬ್ಬಿಯನ್ನು ನಡೆಸುವ ಸಣ್ಣ ಬ್ಯಾಟರಿ) ತಗೊಳ್ಳುವುದಾದರೆ ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್ ಎರಡನ್ನೂ ಫೋಟೊ ಹೊಡೆದುಕೊಂಡು ಅಂಗಡಿಗೆ ಹೋಗಿ. 12 ವೋಲ್ಟಿನದು ಜಾಸ್ತಿ, ಆದರೆ 9 ವೋಲ್ಟಿನ ಡಬ್ಬಿಗಳೂ ಇವೆ.