ಅಪ್‌ಡೇಟ್: ಪಾಸ್ತಾ ಹಾಳೆ ಈಗ ಹರಿಯುತ್ತಿಲ್ಲ

ಕೈಯಲ್ಲಿ ತಿರುಗಿಸುವ ಪಾಸ್ತಾ ಮಷಿನ್‌ನಲ್ಲಿ ಹಾಳೆ ಹರಿಯುತ್ತದೆ, ರೋಲರ್‌ಗೆ ಅಂಟುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ, ಈಗ ಸರಿಹೋಗಿದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ನೀವು ಹೇಳಿದ ಅಳತೆಯನ್ನೇ ಹಿಡಿದೆ. 100 ಗ್ರಾಂ ಮೈದಾಕ್ಕೆ ಒಂದು ಮೊಟ್ಟೆ, ನೀರು ಬೇಡ. ಕಲಸುವಾಗ ಹಿಟ್ಟು ಗಟ್ಟಿ ಅನಿಸುತ್ತದೆ, ಆದರೂ ನೀರು ಚಿಮುಕಿಸದೆ ಹತ್ತು ನಿಮಿಷ ನಾದಿ, ಮುಚ್ಚಿ ಅರ್ಧ ಗಂಟೆ ಬಿಟ್ಟರೆ ತಾನೇ ಮೆತ್ತಗಾಗುತ್ತದೆ. ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಮಡಚುವ ಸಲಹೆ. ರೋಲರ್‌ಗಳ ನಡುವಿನ ಸಂದು ಪೂರ್ತಿ ಅಗಲಕ್ಕಿಟ್ಟು, ಹಾಳೆಯನ್ನು ಮೂರು ಮಡಿಕೆ ಮಾಡಿ ಮತ್ತೆ ಮತ್ತೆ ಹಾಯಿಸಿದೆ. ಮೊದಲು ಅಂಚು ಹಲ್ಲು ಹಲ್ಲಾಗಿ ಬಂತು, ಆಮೇಲೆ ರೇಷ್ಮೆಯ ಹಾಗೆ ನುಣ್ಣಗೆ ಇಳಿಯಿತು!

ಹಾಳೆಯನ್ನು ಎಳೆಯಾಗಿ ಕತ್ತರಿಸಿದ ಮೇಲೆ ಉದುರಿಸಲು ಚಿರೋಟಿ ರವೆ ಬಳಸಿ, ಎಳೆ ಒಂದಕ್ಕೊಂದು ಅಂಟುವುದಿಲ್ಲ. ನಾನು ಮಾಡಿದ್ದು ಟಾಲಿಯಾಟೆಲ್ಲೆ, ಅಂದರೆ ರಿಬ್ಬನ್ ಹಾಗಿರುವ ಚಪ್ಪಟೆ ಎಳೆಯ ಪಾಸ್ತಾ. ಅದು ಬೆಂದ ಮೇಲೆ 8 ಮಿ.ಮೀ. ಅಗಲ ಇರಬೇಕು ಅಂತ ಇಟಲಿಯ ಬೊಲೊನ್ಯಾದಲ್ಲಿ 1972ರಲ್ಲೇ ನೋಂದಾಯಿಸಿದ್ದಾರೆ. ನನ್ನ ಮಷಿನ್‌ನ ಎಳೆ ಸ್ವಲ್ಪ ಕಿರಿದು, ರುಚಿಗೇನೂ ಕೊರತೆಯಿಲ್ಲ. ಕುದಿಯುವ ಉಪ್ಪುನೀರಿನಲ್ಲಿ ಎರಡು ಮೂರು ನಿಮಿಷ ಸಾಕು.

ಮಷಿನ್ ತೊಳೆಯಬೇಡಿ ಅಂದಿದ್ದಿರಿ, ಹಾಗಾಗಿ ಹಿಟ್ಟು ಒಣಗಿದ ಮೇಲೆ ಬ್ರಷ್‌ನಿಂದ ಉದುರಿಸಿ ಎತ್ತಿಟ್ಟೆ. ಮುಂದೆ ರವಿಯೋಲಿ, ಅಂದರೆ ಒಳಗೆ ಹೂರಣ ತುಂಬಿದ ಪಾಸ್ತಾ. ಒಳಗೆ ಪನೀರ್ ತುಂಬಿದವರು ಯಾರಾದರೂ ಇದ್ದರೆ, ಅದು ನೀರು ಬಿಡದ ಹಾಗೆ ಏನು ಮಾಡುತ್ತೀರಿ ಹೇಳಿ.