ಪದ ಬೇಕು: ಎಲೆಕ್ಟ್ರಿಕ್ ಸೈಕಲ್ ಬ್ಯಾಟರಿಯ ಬೀಗಕ್ಕೆ, ಅದೂ ಇವತ್ತು ಸಂಜೆಯೊಳಗೆ

ಹಾಸನದಿಂದ, ಬೆಳಗ್ಗೆ 9:40

ಗೆಳೆಯರೇ, ತುರ್ತು. ಬಾಡಿಗೆಗೆ ಬಿಡುವ ಎಲೆಕ್ಟ್ರಿಕ್ ಸೈಕಲ್‌ಗಳ ಮೇಲೆ ಅಂಟಿಸುವ ಸ್ಟಿಕರ್ ಮತ್ತು ನಾಲ್ಕು ಪುಟದ ಕೈಪಿಡಿ ಕನ್ನಡಕ್ಕೆ ಆಗಬೇಕು. ಸ್ಟಿಕರ್ ಸಂಜೆ 5ಕ್ಕೆ ಪ್ರೆಸ್ಸಿಗೆ ಹೋಗುತ್ತದೆ. ಅಳತೆ 9 ಸೆಂ.ಮೀ. ಅಗಲ, 5 ಸೆಂ.ಮೀ. ಎತ್ತರ, ತಲೆಬರಹಕ್ಕೆ ಒಂದೇ ಸಾಲು.

ವಸ್ತು ಇಷ್ಟು: ಸೈಕಲ್ಲಿನ ಓರೆ ಪೈಪಿನ ಮೇಲೆ ಒಂದು ಹಳಿ, ಅದರ ಮೇಲೆ ಕೂರುವ 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿ. ಬಿಚ್ಚಿಕೊಂಡು ಒಳಗೆ ಒಯ್ದು ಚಾರ್ಜ್ ಮಾಡಬಹುದು. ಹಳೇ ಮಾದರಿಗಳ ಪಕ್ಕದಲ್ಲಿ ಕೀ ಹಾಕುವ ತೂತು ಇರುತ್ತಿತ್ತು, ಇದರಲ್ಲಿಲ್ಲ. ಕಾರ್ಡ್ ತಾಗಿಸಬೇಕು, ಇಲ್ಲವೇ 4 ಅಂಕಿ ಒತ್ತಬೇಕು. ಆಗ ಒಳಗಿನ ಸಣ್ಣ ಮೋಟಾರು ಅಡ್ಡಕಡ್ಡಿಯನ್ನು ಹಿಂದಕ್ಕೆ ಎಳೆಯುತ್ತದೆ.

ನನ್ನ ಮುಂದಿರುವ ಕರಡಿನಲ್ಲಿ "ನಿಷ್ಕಾಸನೀಯ ವಿದ್ಯುತ್ಕೋಶಕ್ಕೆ ಕೀಲಿರಹಿತ ವಿದ್ಯುನ್ಮಾನ ಬೀಗ" ಎಂದಿದೆ. ಸೈಕಲ್ ಹತ್ತುವವರು ಇದನ್ನು ಓದಿ ಮುಗಿಸುವುದಿಲ್ಲ. ಇನ್ನೊಂದು ತೊಡಕು: ಕೈಪಿಡಿಯಲ್ಲಿ ಫೇಲ್-ಸೇಫ್, ಫೇಲ್-ಸೆಕ್ಯೂರ್ ಎಂಬ ಎರಡು ಮಾತುಗಳಿವೆ. ಕರಡು ಎರಡಕ್ಕೂ "ಸುರಕ್ಷಿತ" ಎಂದು ಬರೆದಿದೆ. ಎರಡೂ ಒಂದೇನಾ?

ಅರಸೀಕೆರೆಯಿಂದ, 10:05

> ಕೀಲಿರಹಿತ

ಅರಿಸಮಾಸ, ಅಂದರೆ ಸಂಸ್ಕೃತಕ್ಕೂ ಕನ್ನಡಕ್ಕೂ ಸಲ್ಲದ ಬೆಸುಗೆ. ಕೀಲ ತತ್ಸಮ, ಕೀಲಿ ತದ್ಭವದ ಸಾಲಿಗೆ ಸೇರಿದ್ದು. ತದ್ಭವ ಕನ್ನಡದ ಜೊತೆ ಕೂಡುತ್ತದೆ, "ರಹಿತ"ದ ಜೊತೆ ಕೂಡಬಾರದು. ಶಬ್ದಮಣಿದರ್ಪಣ ಎಂಬ ಹಳೆಯ ವ್ಯಾಕರಣ ಬರೆದ ಕೇಶಿರಾಜ ಇದಕ್ಕೆ ವಿನಾಯಿತಿ ಕೊಟ್ಟದ್ದು ಬಿರುದಾವಳಿಗೆ, ಪೂರ್ವಕವಿಗಳ ಪ್ರಯೋಗಕ್ಕೆ. ಸೈಕಲ್ ಸ್ಟಿಕರ್ ಎರಡೂ ಅಲ್ಲ. "ನಿಷ್ಕಾಸನೀಯ" ಬಗ್ಗೆ ಮಾತೇ ಬೇಡ, ಹೊಡೆದುಹಾಕಿ.

"ಕೀಲಿಯಿಲ್ಲದ ಬೀಗ" ಅನ್ನಿ, ಮುಗಿಯಿತು.

ತರೀಕೆರೆಯಿಂದ, 10:21

ಮುಗಿಯಲಿಲ್ಲ ಮೇಷ್ಟ್ರೇ. "ಕೀಲಿಯಿಲ್ಲದ ಬೀಗ" ಎಂದರೆ ಕೀಲಿ ಕಳೆದುಹೋಗಿರುವ ಬೀಗ. ಸ್ಟಿಕರ್ ಓದಿದವರು ಕೀಲಿ ಯಾರ ಹತ್ತಿರ ಇದೆ ಎಂದು ಹುಡುಕಿಕೊಂಡು ಹೋಗುತ್ತಾರೆ. ಇಲ್ಲಿ ಬೇಕಾದದ್ದು "ಇಲ್ಲದ" ಅಲ್ಲ, "ಬೇಡದ".

ಎರಡನೆಯದು, ಧಾರವಾಡದ ಕಡೆ ಕೀಲಿ ಎಂದರೇ ಬೀಗ. "ಮನೀಗೆ ಕೀಲಿ ಹಾಕೀನಿ" ಅನ್ನುತ್ತಾರೆ. ತೆರೆಯಲು ಬಳಸುವುದು ಕೀಲಿಕೈ. ಚಿಕ್ಕಮಗಳೂರಿಗೆ ಬಂದು ಸೈಕಲ್ ಬಾಡಿಗೆಗೆ ಪಡೆಯುವವರಲ್ಲಿ ಅರ್ಧ ಜನ ಆ ಕಡೆಯವರೇ ಇರಬಹುದು. ಅವರ ಕಿವಿಗೆ "ಕೀಲಿ ಬೇಡದ ಬೀಗ" ಎಂದರೆ ಬೀಗ ಬೇಡದ ಬೀಗ. ನಮ್ಮ ಕಡೆಯ "ಬೀಗದಕೈ" ಇಬ್ಬರಿಗೂ ಅರ್ಥವಾಗುತ್ತದೆ.

ಸಕಲೇಶಪುರದಿಂದ, 10:48

ಇಷ್ಟು ಉದ್ದ ಯಾಕೆ? ಬೀಗ ನಮ್ಮದೇ ಪದ. ಬಿಗಿ, ಬಿಗಿತ, ಬೀಗ ಒಂದೇ ಬೇರಿನವು. ತೆಲುಗಿನಲ್ಲೂ ಬೀಗಮು ಇದೆ. ತಮಿಳರು ಬೀಗಕ್ಕೆ ಪೂಟ್ಟು ಅನ್ನುತ್ತಾರೆ, ಅದು ನಮ್ಮ ಹೂಡು, ಹೂಟೆಗಳ ನಂಟು: ನೊಗಕ್ಕೆ ಎತ್ತು ಹೂಡಿದ ಹಾಗೆ ಒಂದಕ್ಕೊಂದನ್ನು ಸೇರಿಸಿ ಬಿಗಿಯುವುದು. ಹಳಿಗೆ ಬ್ಯಾಟರಿ ಕೂಡಿಸಿ ಬಿಗಿಯುವುದಕ್ಕೆ ಇದಕ್ಕಿಂತ ಹೊಂದುವ ಬೇರು ಬೇರೆಲ್ಲಿದೆ? ಇಮೇಲ್‌ಗೆ ಮಿಂಚೆ ನಡೆಯುತ್ತಿದೆ. ಹಾಗೆಯೇ ಇದು ಮಿಂಬೀಗ. ಮೂರೇ ಅಕ್ಷರ, ಸ್ಟಿಕರ್‌ನಲ್ಲಿ ದೊಡ್ಡದಾಗಿ ಕೂರುತ್ತದೆ.

ಅರಸೀಕೆರೆಯಿಂದ, 10:55

ಮಿಂಬೀಗ ಎಂದರೆ ಮೀನಿನ ಬೀಗ ಎಂದು ಓದುತ್ತಾರೆ. ಬೇಡ.

ಚಿಕ್ಕಮಗಳೂರಿನಿಂದ, 11:30

ಹಾಸನದವರೇ, ಪದ ಆರಿಸುವ ಮೊದಲು ಒಂದು ವಿಷಯ ಖಚಿತವಾಗಬೇಕು. ಈ ಜೋಡಣೆಯಲ್ಲಿ ಮೂರು ಭಾಗಗಳಿವೆ, ಕರಡು ಮೂರಕ್ಕೂ "ಬೀಗ" ಅನ್ನುತ್ತಿದೆ. ಹೆಸರು ಬೆರೆತರೆ ಬ್ಯಾಟರಿ ರಸ್ತೆಗೆ ಬೀಳುತ್ತದೆ. ಆ ಬ್ಯಾಟರಿ ಹತ್ತಿರ ಹತ್ತಿರ 3 ಕಿಲೋ ತೂಗುತ್ತದೆ.

ಒಂದು, ಕಾರ್ಡ್ ಅಥವಾ ಅಂಕಿ ನೋಡಿ ಒಪ್ಪುವ ಪೆಟ್ಟಿಗೆ. ಅದನ್ನು ಬೀಗ ಅನ್ನಿ. ಎರಡು, ಮೋಟಾರು ಹಿಂದೆ ಮುಂದೆ ಸರಿಸುವ ಉಕ್ಕಿನ ಕಡ್ಡಿ. ಬಾಗಿಲಿಗೆ ಹಿಂದಿನಿಂದ ಹಾಕುವ ಅಗುಳಿಯ ಕೆಲಸವೇ ಅದರದ್ದು, ಹೆಸರೂ ಅದೇ ಇರಲಿ. ಮೂರು, ಅಗುಳಿ ಸರಿದ ಮೇಲೂ ಬ್ಯಾಟರಿಯನ್ನು ಹಿಡಿದಿರುವ, ಕೈಯಿಂದ ಒತ್ತಿ ಬಿಡಿಸುವ ಸ್ಪ್ರಿಂಗ್ ಕೊಕ್ಕೆ. ಬ್ಯಾಟರಿ ಪೈಪಿನ ಕೆಳಮುಖಕ್ಕೆ ತೂಗುವ ಮಾದರಿಗಳಲ್ಲಿ ಈ ಕೊಕ್ಕೆ ಇಲ್ಲದಿದ್ದರೆ ಬೀಗ ತೆರೆದ ಕ್ಷಣವೇ ಬ್ಯಾಟರಿ ಕಾಲ ಮೇಲೆ. ಕೈಪಿಡಿ ಬರೆಯುವವರು ಅಗುಳಿಗೂ ಕೊಕ್ಕೆಗೂ "ಚಿಲಕ" ಎಂದು ಬರೆದರೆ ಓದುವವರು ಒಂದನ್ನು ಬಿಡಿಸಿ ಇನ್ನೊಂದು ತಾನೇ ಬಿಡುತ್ತದೆ ಎಂದುಕೊಂಡು ಜಗ್ಗುತ್ತಾರೆ. ಪ್ಲಾಸ್ಟಿಕ್ ಕೊಕ್ಕೆ ಮುರಿಯುವುದು ಹೀಗೆ.

> ಎರಡೂ ಒಂದೇನಾ?

ಅಲ್ಲ, ತದ್ವಿರುದ್ಧ. ಫೇಲ್-ಸೇಫ್ ಬೀಗ ಕರೆಂಟ್ ಹೋದರೆ ತೆರೆದುಕೊಳ್ಳುತ್ತದೆ. ಬೆಂಕಿ ಬಿದ್ದಾಗ ಜನ ಹೊರಗೆ ಓಡಬೇಕಾದ ಬಾಗಿಲುಗಳಿಗೆ ಅದು ಬೇಕು. ಫೇಲ್-ಸೆಕ್ಯೂರ್ ಕರೆಂಟ್ ಹೋದರೂ ಮುಚ್ಚಿಯೇ ಇರುತ್ತದೆ. ಬ್ಯಾಟರಿಗೆ ಬೇಕಾದದ್ದು ಇದು, ಇಲ್ಲದಿದ್ದರೆ ಚಾರ್ಜ್ ಮುಗಿದ ಸೈಕಲ್ಲಿನ ಬ್ಯಾಟರಿಯನ್ನು ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು. "ಕರೆಂಟ್ ಹೋದರೆ ತೆರೆಯುವ", "ಕರೆಂಟ್ ಹೋದರೂ ತೆರೆಯದ" ಎಂದು ಬಿಡಿಸಿಯೇ ಬರೆಯಿರಿ. ಒಂದೇ ಪದಕ್ಕೆ ಇಳಿಸಬೇಡಿ.

ತೆರೆಯದ ಬೀಗಕ್ಕೆ ಅದರದೇ ಕಷ್ಟ ಉಂಟು. ಬೀಗ ಅದೇ ಬ್ಯಾಟರಿಯಿಂದ ಕರೆಂಟ್ ಪಡೆಯುವ ಮಾದರಿಯಾದರೆ ಹೀಗಾಗುತ್ತದೆ: 36 ವೋಲ್ಟ್ ಬ್ಯಾಟರಿಯಲ್ಲಿ ಸಾಲಾಗಿ 10 ಸೆಲ್, ತುಂಬಿದಾಗ 42 ವೋಲ್ಟ್. ಸುಮಾರು 30ಕ್ಕೆ ಇಳಿದರೆ ಒಳಗಿನ ರಕ್ಷಣಾ ಸರ್ಕ್ಯೂಟ್ ಪೂರೈಕೆ ಕಡಿದುಹಾಕುತ್ತದೆ. ಆಗ ಮೋಟಾರೂ ಸತ್ತಿತು, ಬೀಗವೂ ಸತ್ತಿತು. ಚಾರ್ಜ್ ಮಾಡಲು ಬಿಚ್ಚಬೇಕು, ಬಿಚ್ಚಲು ಚಾರ್ಜ್ ಬೇಕು. ಸೈಕಲ್ ಮೇಲೆ ಇಟ್ಟೇ ಚಾರ್ಜರ್ ಚುಚ್ಚಿದರೆ ಬೀಗಕ್ಕೂ ಜೀವ ಬರುತ್ತದೆ. ಕೆಲವದರಲ್ಲಿ ರಬ್ಬರ್ ಮುಚ್ಚಳದ ಕೆಳಗೆ ಎರಡು ಲೋಹದ ಚುಕ್ಕಿಗಳಿರುತ್ತವೆ. 9 ವೋಲ್ಟ್ ಬ್ಯಾಟರಿಯ ಎರಡು ತುದಿಗಳನ್ನು ಅವಕ್ಕೆ ಒತ್ತಿ ಹಿಡಿದು ಅಂಕಿ ಒತ್ತಿದರೆ ತೆರೆಯುತ್ತದೆ. ನಿಮ್ಮದರಲ್ಲಿ ಅದು ಇದ್ದರೆ ಸ್ಟಿಕರ್‌ನಲ್ಲಿ ಒಂದು ಸಾಲು ಅದಕ್ಕೆ ಮೀಸಲಿಡಿ.

ಅತಿ ಹೆಚ್ಚು ಬರುವ ದೂರು ಬೇರೆ: "ಹಸಿರು ದೀಪ ಬರುತ್ತದೆ, ಬ್ಯಾಟರಿ ಬರುವುದಿಲ್ಲ." ಬ್ಯಾಟರಿಯ ಭಾರ ಅಗುಳಿಯ ಮೇಲೆ ಒರಗಿರುತ್ತದೆ, ಸಣ್ಣ ಮೋಟಾರಿಗೆ ಅದನ್ನು ಎಳೆಯುವ ಬಲ ಸಾಲದು. ಅಂಗೈಯಿಂದ ಬ್ಯಾಟರಿಯನ್ನು ಹಳಿಯ ಕಡೆಗೆ ಅದುಮಿ ಹಿಡಿದು ಆಮೇಲೆ ಕಾರ್ಡ್ ತಾಗಿಸಿದರೆ ಅಗುಳಿ ಸಲೀಸಾಗಿ ಸರಿಯುತ್ತದೆ. ಜನ ಮಾಡುವುದು ಉಲ್ಟಾ: ಎಳೆಯುತ್ತಾ ತಾಗಿಸುತ್ತಾರೆ. ಆದ್ದರಿಂದ ನಿಮ್ಮ ಸ್ಟಿಕರ್‌ನ ಮುಖ್ಯ ಪದ "ಅದುಮಿ". ಬೀಗದ ಹೆಸರು ಆಮೇಲಿನ ಮಾತು.

ಸಕಲೇಶಪುರದಿಂದ, 11:52

ಅದುಮಿ ಒಳ್ಳೆಯ ಪದ. ಆದರೆ ಕಾರ್ಡ್, ಚಾರ್ಜ್, ಕರೆಂಟ್, ಮೋಟಾರು, ಸರ್ಕ್ಯೂಟ್. ಹೀಗೇ ಬಿಟ್ಟರೆ ಕನ್ನಡದಲ್ಲಿ ಉಳಿಯುವುದು ಕ್ರಿಯಾಪದಗಳು ಮಾತ್ರ. ಹೊಸ ವಸ್ತು ಬಂದಾಗಲೇ ಹೊಸ ಪದ ಹುಟ್ಟಬೇಕು. ಆಮೇಲೆ ಹುಟ್ಟಿಸಿದರೆ ಯಾರೂ ಬಳಸುವುದಿಲ್ಲ.

ಅರಸೀಕೆರೆಯಿಂದ, 12:10

ಅಗುಳಿಯನ್ನು ಒಪ್ಪುತ್ತೇನೆ. ಅರ್ಗಲದ ತದ್ಭವ, ಹಳಗನ್ನಡದಿಂದ ಬಂದದ್ದು. ಅಚ್ಚಗನ್ನಡ ಎಂದು ಮೆರೆಯುವವರು ಗಮನಿಸಲಿ.

ಸಕಲೇಶಪುರದಿಂದ, 12:14

ಯಾವುದರಿಂದ ಯಾವುದು ಬಂತು ಎಂಬುದನ್ನು ಮೊದಲು ತೀರ್ಮಾನಿಸಿ. ಸಂಸ್ಕೃತದಲ್ಲಿ ಇದೆ ಅಂದ ಮಾತ್ರಕ್ಕೆ ಅಲ್ಲಿಂದಲೇ ಬಂತು ಅನ್ನುವುದು ಹಳೇ ಚಾಳಿ.

ತರೀಕೆರೆಯಿಂದ, 12:30

ಬೀಗದಕೈಗೆ ಉತ್ತರ ಕನ್ನಡ, ಬೆಳಗಾವಿ ಕಡೆ ಅನ್ನುವ ಚಾವಿ ಪೋರ್ಚುಗೀಸರ ಶಾವೆಯಿಂದ ಬಂದದ್ದು. ಕಿಟಕಿಗೆ ಅನ್ನುವ ಜನೇಲವೂ ಅವರದೇ. ಅದಕ್ಕಾಗಿ ಅಲ್ಲಿಯ ಯಾರ ಮನೆಯ ಕನ್ನಡವೂ ಕೆಟ್ಟಿಲ್ಲ. ಪದ ಎಲ್ಲಿಂದ ಬಂತು ಎನ್ನುವುದಕ್ಕಿಂತ ಕನ್ನಡದ ಪ್ರತ್ಯಯ ಹತ್ತಿಸಿಕೊಂಡು ನಡೆಯುತ್ತದೆಯೇ ನೋಡಿ. ಕಾರ್ಡಿಗೆ, ಕಾರ್ಡಿನಿಂದ, ಕಾರ್ಡನ್ನು: ಎಲ್ಲ ನಡೆಯುತ್ತದೆ.

ಚಿಕ್ಕಮಗಳೂರಿನಿಂದ, 12:41

ಇನ್ನೊಂದು ಮಾತು ಸೇರಿಸುತ್ತೇನೆ. ಇಲ್ಲಿನ ತೋಟಗಳಲ್ಲಿ ಕಾಫಿ, ಪಲ್ಪರ್ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ), ಪಾರ್ಚ್‌ಮೆಂಟ್ (ಸುಲಿದು ಒಣಗಿಸಿದ ಬೀಜ) ಎಲ್ಲ ಕೂಲಿಯವರ ಬಾಯಲ್ಲೂ ಇವೆ. ಅದೇ ಬಾಯಲ್ಲಿ ಕುಯ್ಲು, ಕಣ, ಚಿಗುರು ತೆಗೆಯುವುದು ಕೂಡ ಇವೆ. ವಸ್ತು ಹೊರಗಿನದಾದರೆ ಹೆಸರು ಬಂತು, ಕೆಲಸ ನಮ್ಮದಾದ್ದರಿಂದ ಕೆಲಸದ ಮಾತು ಉಳಿಯಿತು. ನಾನು ಕಾಯುವುದು ಆ ಎರಡನೆಯದನ್ನು.

ಬೀಗದ ಹೆಸರಿಗೂ ಇದೇ ದಾರಿ. ಏನು ಬೇಡ ಎಂದು ಹೇಳುವುದರ ಬದಲು ಏನು ಮಾಡಬೇಕು ಎಂದು ಹೇಳಲಿ: ಕಾರ್ಡ್ ಬೀಗ, ನಂಬರ್ ಬೀಗ. ಸೂಟ್‌ಕೇಸಿನಿಂದಾಗಿ ನಂಬರ್ ಲಾಕ್ ಎಲ್ಲರಿಗೂ ಗೊತ್ತು. ಬೆರಳು ಒತ್ತುವ ಮಾದರಿಗೆ "ಬೆರಳಚ್ಚು ಬೀಗ" ಎಂದು ಬರೆಯಬೇಡಿ, ಬೆರಳಚ್ಚು ಟೈಪಿಂಗಿಗೂ ಹೋಗಿದೆ. "ಬೆರಳು ಬೀಗ" ಸಾಕು. ಆ ಮಾದರಿಯನ್ನು ಮಲೆನಾಡಿನಲ್ಲಿ ತರಿಸಲೇಬೇಡಿ ಅನ್ನುತ್ತೇನೆ. ಮಳೆಗಾಲದಲ್ಲಿ ಒದ್ದೆ ಬೆರಳು, ಕುಯ್ಲಿನಲ್ಲಿ ಹಣ್ಣಿನ ಅಂಟು ಹತ್ತಿದ ಬೆರಳು, ಎರಡನ್ನೂ ಅದು ಓದುವುದಿಲ್ಲ.

ಹಾಸನದಿಂದ, ಮಧ್ಯಾಹ್ನ 2:15

ತುಂಬಾ ಉಪಕಾರ. ಸ್ಟಿಕರ್‌ಗೆ ಹೀಗೆ ಬರೆದಿದ್ದೇನೆ:

ಬ್ಯಾಟರಿ ಕಾರ್ಡ್-ನಂಬರ್ ಬೀಗ
1. ಸ್ವಿಚ್ ಆಫ್ ಮಾಡಿ.
2. ಬ್ಯಾಟರಿಯನ್ನು ಅದುಮಿ ಹಿಡಿದು ಕಾರ್ಡ್ ತಾಗಿಸಿ, ಇಲ್ಲವೇ ನಂಬರ್ ಒತ್ತಿ.
3. ಹಸಿರು ದೀಪ ಬಂದ ಮೇಲೆ ಕೊಕ್ಕೆ ತೆಗೆದು ಬ್ಯಾಟರಿ ತೆಗೆಯಿರಿ.
ವಾಪಸ್ ಹಾಕಿದ ಮೇಲೆ ಕೆಂಪು ದೀಪ ಬಂದರೆ ಬೀಗ ಬಿದ್ದಿದೆ.

ಕೈಪಿಡಿಯ ಮೊದಲ ಪುಟದಲ್ಲಿ ಮಾತ್ರ "ಬೀಗದಕೈ ಬೇಡದ ಎಲೆಕ್ಟ್ರಾನಿಕ್ ಬೀಗ" ಎಂದು ಒಮ್ಮೆ. "ಇ-ಬೈಕ್" ಎಲ್ಲ ಕಡೆ "ಇ-ಸೈಕಲ್" ಆಯಿತು, ನಮ್ಮಲ್ಲಿ ಬೈಕ್ ಎಂದರೆ ಪೆಟ್ರೋಲಿನದ್ದು. "ತೆಗೆದುಹಾಕುವ ಬ್ಯಾಟರಿ" ಎಂದಿದ್ದದ್ದು "ಬಿಚ್ಚಬಹುದಾದ ಬ್ಯಾಟರಿ" ಆಯಿತು. ತೆಗೆದುಹಾಕುವುದು ಕೆಲಸದವರನ್ನು.

ತರೀಕೆರೆಯಿಂದ, 2:32

> ಕೊಕ್ಕೆ ತೆಗೆದು ಬ್ಯಾಟರಿ ತೆಗೆಯಿರಿ

ಎರಡು "ತೆಗೆ" ಎರಡು ಅರ್ಥ. ಮೊದಲನೆಯದು ಬಿಡಿಸುವುದು, ಎರಡನೆಯದು ಹೊರಗೆಳೆಯುವುದು. ಕೊಕ್ಕೆಯನ್ನೇ ಕಿತ್ತು ಕೈಗೆ ಕೊಡುವವರಿದ್ದಾರೆ.

ಅರಸೀಕೆರೆಯಿಂದ, 2:40

ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ ತೆರೆದಾಗ "ಬಾಗಿಲು ತೆಗೆದರು" ಎಂದೇ ಊರೆಲ್ಲ ಹೇಳುತ್ತದೆ. ಬಾಗಿಲು ಕಿತ್ತರು ಎಂದು ಯಾರೂ ತಿಳಿಯುವುದಿಲ್ಲ. "ತೆಗೆ" ಸರಿಯಾಗಿಯೇ ಇದೆ.

ತರೀಕೆರೆಯಿಂದ, 2:44

ಬಾಗಿಲನ್ನು ಕೀಳುವ ಅಭ್ಯಾಸ ಯಾರಿಗೂ ಇಲ್ಲ, ಅದಕ್ಕೇ ಗೊಂದಲವಿಲ್ಲ. ಕೊಕ್ಕೆ ಹೆಬ್ಬೆರಳಿನಷ್ಟು ದೊಡ್ಡದು, ಕೀಳಬಹುದು. "ಕೊಕ್ಕೆ ಒತ್ತಿ, ಹಿಡಿಕೆ ಹಿಡಿದು ಬ್ಯಾಟರಿ ಮೇಲಕ್ಕೆತ್ತಿ" ಎಂದು ಬರೆಯಿರಿ.

ಚಿಕ್ಕಮಗಳೂರಿನಿಂದ, 3:05

ತರೀಕೆರೆಯವರು ಹೇಳಿದ್ದು ಸರಿ. ಕೊನೆಯ ಸಾಲು ಮಾತ್ರ ಅಪಾಯಕಾರಿ, ಬದಲಿಸಲೇಬೇಕು.

> ಕೆಂಪು ದೀಪ ಬಂದರೆ ಬೀಗ ಬಿದ್ದಿದೆ

ಪತ್ರಿಕೆಗಳಲ್ಲಿ "ಬೀಗ ಬಿತ್ತು" ಎಂದರೆ ಕಾರ್ಖಾನೆ ಮುಚ್ಚಿತು ಎಂದರ್ಥ, ಅದಿರಲಿ. ನಿಜವಾದ ತೊಂದರೆ ಬೇರೆ. ಇಂಥ ಬಹಳಷ್ಟು ಬೀಗಗಳಲ್ಲಿ ಸೆನ್ಸರ್ ನೋಡುವುದು ಅಗುಳಿ ಹೊರಗೆ ಬಂದಿದೆಯೇ ಎಂದು. ಬ್ಯಾಟರಿ ಪೂರ್ತಿ ಕೂತಿದೆಯೇ ಎಂದಲ್ಲ. ಕೆಳಗಿನ ಪಿನ್‌ಗಳ ಹತ್ತಿರ ಕೆಸರು, ಎಲೆಯ ಚೂರು ಸಿಕ್ಕಿ ಬ್ಯಾಟರಿ 3-4 ಮಿಲಿಮೀಟರ್ ಮೇಲೆ ನಿಂತಿದ್ದರೆ ಅಗುಳಿ ತನ್ನ ತೂತಿಗೆ ಹೋಗದೆ ಖಾಲಿ ಜಾಗಕ್ಕೆ ಚಾಚಿಕೊಳ್ಳುತ್ತದೆ. ದೀಪ ಕೆಂಪಾಗುತ್ತದೆ. ರಸ್ತೆಯ ಮೊದಲನೇ ಉಬ್ಬಿಗೇ ಬ್ಯಾಟರಿ ಕುಣಿಯುತ್ತದೆ, ಪಿನ್‌ಗಳ ನಡುವೆ ಕಿಡಿ ಹಾರಿ ಕರಕಲಾಗುತ್ತವೆ. ಸ್ವಿಚ್ ಆಫ್ ಮಾಡದೆ ಎಳೆದರೂ ಹೀಗೇ.

ಆ ಸಾಲನ್ನು ಹೀಗೆ ಮಾಡಿ: "ವಾಪಸ್ ಹಾಕುವಾಗ: ಮೊದಲು ಕೆಳತುದಿ, ಆಮೇಲೆ ಮೇಲ್ತುದಿ, 'ಟಕ್' ಎನ್ನುವವರೆಗೆ ಒತ್ತಿ. ಕೆಂಪು ದೀಪ ಬಂದರೂ ಒಮ್ಮೆ ಎಳೆದು ನೋಡಿ." ಆ "ಬಂದರೂ" ಬಿಡಬೇಡಿ.

ಕೈಪಿಡಿಗೆ ಇನ್ನೆರಡು. ಅಗುಳಿಗೆ ಗ್ರೀಸ್ ಹಚ್ಚಬಾರದು, ದೂಳು ಹಿಡಿದು ಅರಗಿನ ಹಾಗೆ ಗಟ್ಟಿಯಾಗುತ್ತದೆ. ಸಿಲಿಕೋನ್ ಸ್ಪ್ರೇ ಒಂದು ಸಲ ಸಾಕು. ತೊಳೆಯುವಾಗ ಪ್ರೆಷರ್ ನೀರು ಬೀಗದ ಮುಖಕ್ಕೆ ಬಿಡಬಾರದು. ಮಳೆ ತಡೆಯುವ ರಬ್ಬರ್ ಸೀಲ್ ಆ ಒತ್ತಡವನ್ನು ತಡೆಯುವುದಿಲ್ಲ.

ಸಕಲೇಶಪುರದಿಂದ, 3:20

ತಲೆಬರಹದಲ್ಲಿ "ಕಾರ್ಡ್-ನಂಬರ್" ಎರಡೂ ಯಾಕೆ? ಕೆಳಗೆ ಎರಡನೇ ಸಾಲೇ ಅದನ್ನು ಹೇಳುತ್ತಿದೆಯಲ್ಲ. ಮಿಂಬೀಗ ಬೇಡವಾದರೆ ಬೇಡ. ಬರೀ "ಬ್ಯಾಟರಿ ಬೀಗ" ಅನ್ನಿ. ಸೈಕಲ್ ಮುಂದೆ ನಿಂತವರಿಗೆ ಬೀಗದಕೈ ಹಾಕುವ ತೂತು ಇಲ್ಲ ಎಂಬುದು ಕಣ್ಣಿಗೇ ಕಾಣುತ್ತದೆ.

ಅರಸೀಕೆರೆಯಿಂದ, 3:26

ಇದಕ್ಕೆ ನನ್ನದೂ ಒಪ್ಪಿಗೆ. ಬ್ಯಾಟರಿ ಅನ್ಯದೇಶ್ಯ, ಬೀಗ ದೇಶ್ಯ. ಸಮಾಸದೋಷವಿಲ್ಲ. ಕೈಪಿಡಿಯಲ್ಲಿ "ಎಲೆಕ್ಟ್ರಾನಿಕ್" ಬದಲು "ವಿದ್ಯುನ್ಮಾನ" ಇರಲಿ, ಮತಯಂತ್ರದಿಂದ ಎಲ್ಲರಿಗೂ ಪರಿಚಯವಾಗಿದೆ.

ಹಾಸನದಿಂದ, 4:10

ತಲೆಬರಹ "ಬ್ಯಾಟರಿ ಬೀಗ". ಕೊಕ್ಕೆಯ ಸಾಲು, ಎಳೆದು ನೋಡುವ ಸಾಲು ಹೇಳಿದಂತೆ ತಿದ್ದಿದ್ದೇನೆ. 9 ವೋಲ್ಟ್ ಚುಕ್ಕಿಗಳು ನಮ್ಮ ಮಾದರಿಯಲ್ಲಿ ಇವೆ: "ದೀಪ ಬಾರದಿದ್ದರೆ ರಬ್ಬರ್ ಮುಚ್ಚಳದ ಕೆಳಗಿನ ಚುಕ್ಕಿಗಳಿಗೆ 9 ವೋಲ್ಟ್ ಬ್ಯಾಟರಿ ಒತ್ತಿ ಹಿಡಿದು ನಂಬರ್ ಒತ್ತಿ" ಎಂಬ ಸಾಲು ಸೇರಿತು. ಕೈಪಿಡಿಯಲ್ಲಿ ವಿದ್ಯುನ್ಮಾನ ಇರಿಸಿದೆ. ಪ್ರೆಸ್ಸಿಗೆ ಹೊರಟೆ.

ಚಿಕ್ಕಮಗಳೂರಿನಿಂದ, 4:18

ಅಂಟಿಸುವವರಿಗೆ ಹೇಳಿ: ಸ್ಟಿಕರ್ ಬ್ಯಾಟರಿಯ ಮೇಲೆ ಬೇಡ, ಸೈಕಲ್ಲಿನ ಪೈಪಿನ ಮೇಲೆ ಇರಲಿ. ಬ್ಯಾಟರಿ ಒಳಗೆ ಒಯ್ದವರು ವಾಪಸ್ ಹಾಕುವಾಗ ಓದಬೇಕಾದದ್ದು ಅಲ್ಲಿ. ಕೆಳಗಿನ ನೀರು ಇಳಿಯುವ ತೂತು, ರಬ್ಬರ್ ಮುಚ್ಚಳ, ಇವೆರಡರ ಮೇಲೆ ಬರದಂತೆ ನೋಡಿಕೊಳ್ಳಲಿ.