ಕಬ್ಬಿನ ಸಿಪ್ಪೆಯ ಮೇಲೆ ಅಮೈಲೇಸ್ ಇಳುವರಿ ಏಕೆ ಕಡಿಮೆ?

ಪ್ರಶ್ನೆ:
ಮಂಡ್ಯದ ಕಡೆ ಧಾರಾಳವಾಗಿ ಸಿಗುವ ಕಬ್ಬಿನ ಸಿಪ್ಪೆಯ (ರಸ ಹಿಂಡಿದ ಮೇಲೆ ಉಳಿಯುವ ನಾರು) ಮೇಲೆ ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂಬ ಬ್ಯಾಕ್ಟೀರಿಯಾ ಬೆಳೆಸಿ, ಬಟ್ಟೆಯ ಗಂಜಿ ತೆಗೆಯಲು ಬಳಸುವ ಆಲ್ಫಾ ಅಮೈಲೇಸ್ ಕಿಣ್ವವನ್ನು (ಇದು ಪಿಷ್ಟವನ್ನು ಒಡೆಯುತ್ತದೆ) ಘನಸ್ಥಿತಿ ಹುದುಗುವಿಕೆಯಲ್ಲಿ, ಅಂದರೆ ದ್ರವದಲ್ಲಲ್ಲದೆ ತೇವದ ಘನವಸ್ತುವಿನ ಮೇಲೆ ಬೆಳೆಸಿ, ತಯಾರಿಸಲು ಯತ್ನಿಸುತ್ತಿದ್ದೇನೆ. ಬ್ಯಾಕ್ಟೀರಿಯಾ ಬೆಳೆಯುತ್ತಿದೆ, ಆದರೆ ಕಿಣ್ವದ ಚಟುವಟಿಕೆ ತೀರಾ ಕಡಿಮೆ ಇದೆ. ತೇವಾಂಶ ಹೆಚ್ಚಿಸಿದರೆ ಸರಿಹೋದೀತೇ?

ಉತ್ತರ 1:
ತೇವಾಂಶಕ್ಕಿಂತ ಮೊದಲು ಕಚ್ಚಾವಸ್ತುವನ್ನೇ ನೋಡಬೇಕು. ಕಬ್ಬಿನ ಸಿಪ್ಪೆಯಲ್ಲಿರುವುದು ಬಹುಪಾಲು ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್; ಪಿಷ್ಟ ಇಲ್ಲವೆಂದೇ ಹೇಳಬಹುದು, ಸಾರಜನಕವೂ ಅತ್ಯಲ್ಪ. ಸಿಪ್ಪೆಯಲ್ಲಿ ಉಳಿದ ಸಕ್ಕರೆಯನ್ನು ತಿಂದು ಬ್ಯಾಕ್ಟೀರಿಯಾ ಬೆಳೆಯುತ್ತಿರಬೇಕು. ಹಾಗೆ ಸುಲಭದ ಸಕ್ಕರೆ ಸಿಕ್ಕಾಗ ಅದು ಅಮೈಲೇಸ್ ಸ್ರವಿಸುವುದನ್ನು ತಗ್ಗಿಸುತ್ತದೆ. ಪಿಷ್ಟ, ಪ್ರೋಟೀನ್ ಎರಡೂ ಇರುವ ಗೋಧಿ ಬೂಸಾವನ್ನು ಮುಖ್ಯ ಆಹಾರವಾಗಿಸಿ, ಗಾಳಿಯಾಡಲು ಮಾತ್ರ ಸ್ವಲ್ಪ ಸಿಪ್ಪೆ ಬೆರೆಸಿ ನೋಡಿ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1990ರ ಸುಮಾರಿಗೆ ಇದೇ ಜಾತಿಯ ಬ್ಯಾಕ್ಟೀರಿಯಾವನ್ನು ಗೋಧಿ ಬೂಸಾದ ಮೇಲೆ ಬೆಳೆಸಿ ಮಹತ್ವದ ಕೆಲಸ ಮಾಡಿದೆ.

ಉತ್ತರ 2:
ಮೇಲಿನ ಮಾತು ಸರಿ, ಆದರೂ ತೇವಾಂಶವನ್ನು ಕಡೆಗಣಿಸಬೇಡಿ. ಶಿಲೀಂಧ್ರಕ್ಕಿಂತ ಬ್ಯಾಕ್ಟೀರಿಯಾಕ್ಕೆ ಹೆಚ್ಚು ನೀರು ಬೇಕು ನಿಜ. ಆದರೆ ಬೂಸಾ ಮುದ್ದೆಯಾದರೆ ಕಣಗಳ ನಡುವಿನ ಜಾಗವನ್ನು ನೀರೇ ತುಂಬಿಕೊಂಡು ಆಮ್ಲಜನಕ ಒಳಗೆ ಹೋಗುವುದಿಲ್ಲ. ಹಿಡಿಯಲ್ಲಿ ಒತ್ತಿದಾಗ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಆಟೋಕ್ಲೇವ್‌ನಲ್ಲಿ (ಒತ್ತಡದ ಹಬೆಯಿಂದ ಕ್ರಿಮಿಶುದ್ಧಿ ಮಾಡುವ ಪಾತ್ರೆ) ಸೇರಿಕೊಳ್ಳುವ ನೀರನ್ನೂ ಲೆಕ್ಕಕ್ಕೆ ಹಿಡಿಯಿರಿ. ತಟ್ಟೆಯಲ್ಲಿ ದಪ್ಪಗೆ ಹರಡಿದರೆ ಬ್ಯಾಕ್ಟೀರಿಯಾ ಹೊರಬಿಡುವ ಶಾಖ ನಡುವೆಯೇ ಉಳಿಯುತ್ತದೆ, ಏಕೆಂದರೆ ಬೂಸಾ ಶಾಖವನ್ನು ಸುಲಭವಾಗಿ ಹೊರಗೆ ಸಾಗಿಸುವುದಿಲ್ಲ.

ಉತ್ತರ 3:
ಅಳತೆಯಲ್ಲಿಯೂ ಎಚ್ಚರ ಬೇಕು. ಬೂಸಾದ ಕಷಾಯದಲ್ಲಿ ಮೊದಲೇ ಅಪಕರ್ಷಕ ಸಕ್ಕರೆ (ಗ್ಲೂಕೋಸ್, ಮಾಲ್ಟೋಸ್‌ನಂಥವು) ಇರುವುದರಿಂದ, ಆ ಸಕ್ಕರೆಯನ್ನು ಬಣ್ಣದಿಂದ ಅಳೆಯುವ ಡಿಎನ್‌ಎಸ್ ವಿಧಾನದಲ್ಲಿ ಅದನ್ನು ಕಳೆಯದಿದ್ದರೆ ಅಂಕಿ ಸುಳ್ಳಾಗುತ್ತದೆ. ಕಿಣ್ವವನ್ನು ಕುದಿಸಿ ನಿಯಂತ್ರಣ ಮಾದರಿ (ಹೀಗೆ ಕಳೆಯಲು ಬೇಕಾದ, ಕಿಣ್ವ ಕೆಲಸ ಮಾಡದ ಮಾದರಿ) ಮಾಡುವ ರೂಢಿ ಇಲ್ಲಿ ನಂಬಲರ್ಹವಲ್ಲ: ಲೈಕೆನಿಫಾರ್ಮಿಸ್ ಅಮೈಲೇಸ್, ಅದರಲ್ಲೂ ಕ್ಯಾಲ್ಸಿಯಂ ಇದ್ದಾಗ, 90 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಕೆಲಸ ಮಾಡುತ್ತದೆ. ಅದರ ಬದಲು ನಿಯಂತ್ರಣ ಮಾದರಿಯಲ್ಲಿ ಪಿಷ್ಟದ ದ್ರಾವಣಕ್ಕೆ ಮೊದಲು ಡಿಎನ್‌ಎಸ್ ಹಾಕಿ, ಆಮೇಲೆ ಕಿಣ್ವ ಸೇರಿಸಿ. ಡಿಎನ್‌ಎಸ್‌ನ ತೀವ್ರ ಕ್ಷಾರತೆ ಕ್ರಿಯೆಯನ್ನು ಅಲ್ಲೇ ತಡೆಯುತ್ತದೆ.

ಪ್ರಶ್ನೆ ಕೇಳಿದವರು:
ನಾನು ಕುದಿಸಿದ ಮಾದರಿಯನ್ನೇ ಕಳೆಯುತ್ತಿದ್ದೆ. ಇನ್ನು ಕ್ರಮ ಬದಲಿಸುತ್ತೇನೆ. ಆದರೆ ನಮ್ಮಲ್ಲಿ ಬೂಸಾ ಹಸುಗಳ ಮೇವು, ಅದಕ್ಕೆ ಬೆಲೆಯಿದೆ. ಸಿಪ್ಪೆಯನ್ನೇ ಮುಖ್ಯವಾಗಿ ಬಳಸುವ ದಾರಿ ಇಲ್ಲವೇ?

ಉತ್ತರ 1:
ಇದೆ, ಆದರೆ ಕಿಣ್ವ ಬದಲಾಗಬೇಕು. ಸಿಪ್ಪೆಯ ಹೆಮಿಸೆಲ್ಯುಲೋಸ್‌ನಲ್ಲಿ ಝೈಲಾನ್ ಹೇರಳವಾಗಿದೆ. ಅದರ ಮೇಲೆ ಬ್ಯಾಸಿಲಸ್ ಪ್ಯೂಮಿಲಸ್‌ನ ಸೂಕ್ತ ತಳಿಯಿಂದ ಝೈಲಾನ್ ಒಡೆಯುವ ಕಿಣ್ವ ಝೈಲನೇಸ್ ಪಡೆಯಬಹುದು. ಕಾಗದದ ತಿರುಳನ್ನು ಬಿಳುಪುಗೊಳಿಸುವಾಗ ಕ್ಲೋರಿನ್ ಬಳಕೆ ತಗ್ಗಿಸಲು ಈ ಕಿಣ್ವಕ್ಕೆ ಬೇಡಿಕೆಯಿದೆ. ತಳಿ ಆರಿಸುವಾಗ ಸೆಲ್ಯುಲೋಸ್ ಒಡೆಯುವ ಸೆಲ್ಯುಲೇಸ್ ಕಿಣ್ವದ ಚಟುವಟಿಕೆಯನ್ನು ತಪ್ಪದೆ ಪರೀಕ್ಷಿಸಿ, ಅದು ಬೆರೆತರೆ ಕಾಗದದ ನಾರೇ ದುರ್ಬಲವಾಗುತ್ತದೆ.